ದ್ವೀಪ ಶ್ರಮಿಕ ಪಕ್ಷದ ಬಾವುಟ

೨೦೨೩ರ ಅಕ್ಟೋಬರ್ ೧೪, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತೇಯೊ ಎಂಬಾತ ಅಮೆರಿಕದ ಶ್ಯಾಂಟಿಲಿಯ ಠಾಣೆಗೆ ಬಂದು ತನ್ನ ಪಕ್ಷದ ಬಾವುಟ ಕಳವಾಗಿದೆ ಎಂದು ದೂರು ಕೊಟ್ಟ. ಸಾಂತಾ ಬ್ರೀಸಾ ದ್ವೀಪಕ್ಕೆ ಸ್ವಾತಂತ್ರ್ಯ ಕೇಳುವ ಸಣ್ಣದೊಂದು ಎಡಪಕ್ಷದ ಅಮೆರಿಕ ಘಟಕಕ್ಕೆ ಅವನು ಅಧ್ಯಕ್ಷ. ಸ್ವಾತಂತ್ರ್ಯದ ಬೇಡಿಕೆ ಕೈಬಿಟ್ಟು ದೊಡ್ಡ ಪಕ್ಷವೊಂದನ್ನು ಸೇರಿದರೆ ದ್ವೀಪದ ಚುನಾವಣೆಯಲ್ಲಿ ಎರಡು ಸೀಟು ಸಿಗುತ್ತಿತ್ತು. ಅದಕ್ಕೆ ಈ ಘಟಕದ ಒಪ್ಪಿಗೆಯೂ ಬೇಕು, ಮರುದಿನ ಭಾನುವಾರವೇ ಮತ ಹಾಕಲು ಕೊನೆಯ ದಿನ. ಪಕ್ಷದ ಮೊದಲ ಮುಷ್ಕರದಲ್ಲಿ ಹಾರಿಸಿದ್ದ ಆ ಬಾವುಟದ ಕೆಳಗೆ ನಿಂತು ಹಾಕಿದ ಮತ ಮಾತ್ರ ಅವರಲ್ಲಿ ಊರ್ಜಿತ.

ಎಫ್‌ಐಆರ್‌ಗೆ ಬದಲಾಗಿ ಇಲ್ಲಿರುವ ಇನ್ಸಿಡೆಂಟ್ ರಿಪೋರ್ಟ್ ದಾಖಲಿಸಿ, ಡಿಟೆಕ್ಟಿವ್ ಜ್ಯೋತ್ಸ್ನಾ ಆಫೀಸರ್ ಸಮರ್ಥ್ ಜೊತೆ ಹೊರಟಳು.

ನಿವೃತ್ತ ವೈದ್ಯೆ ಗಂಗಾಂಬಿಕಾ ಅವರ ಮನೆಯ ಬೇಸ್‌ಮೆಂಟೇ ಪಕ್ಷದ ಕಚೇರಿ. ಬೀಗ ಒಡೆದಿರಲಿಲ್ಲ. ಖಾಲಿ ಗೋಡೆಯ ಕೆಳಗೆ ನೆಲದ ಮೇಲೆ ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟ್ ಹಾಸಿತ್ತು. ಜ್ಯೋತ್ಸ್ನಾ ಅದೇನೆಂದು ಕೇಳಿದಳು.

"ನಮ್ಮ ಬಾವುಟ ನೆಲಕ್ಕೆ ತಾಗಬಾರದು," ಎಂದ ತೇಯೊ. "ಇಬ್ಬರು ಹಿಡಿದು ಇಳಿಸ್ತೀವಿ. ಒಬ್ಬರೇ ಇದ್ದರೆ ಕೆಳಗೆ ಬಟ್ಟೆ ಹಾಸ್ತೀವಿ."

"ಕಳ್ಳನಿಗೆ ಇದು ಹೇಗೆ ಗೊತ್ತಾಯ್ತು?"



ಮೇಲಿನ ಮನೆಗೆ ಹೋದಾಗ, ಪೊಲೀಸರು ಏನೂ ಕೇಳುವ ಮೊದಲೇ ಗಂಗಾಂಬಿಕಾ ಇಬ್ಬರಿಗೂ ಕಾಫಿ ತಂದಿಟ್ಟರು.

"ಆಂಟಿ, ಕೆಳಗಿರೋ ಶೀಟ್ ನಿಮ್ಮದಾ?"

"ನಂದೇ ಕಣಮ್ಮ. ನಿನ್ನೆ ಸಂಜೆ ಇನೆಸ್ ಕೇಳಿದ್ರು. ಸುಕ್ಕಾಗಿತ್ತು, ಐರನ್ ಮಾಡಿ ಕೊಟ್ಟೆ."

"ಯಾಕೆ ಅಂತ ಕೇಳಲಿಲ್ವಾ?"

"ಒಂದ್ ಶೀಟ್ ಕೊಡೋಕೂ ಎನ್‌ಕ್ವೈರಿ ಮಾಡ್ಬೇಕಾ? ಅದು ನಿಮ್ಮ ಡ್ಯೂಟಿ."

ಸಮರ್ಥ್ ನಗು ತಡೆದುಕೊಂಡ.

ಇನೆಸ್ ಪಕ್ಷದ ಅತಿ ಹಿರಿಯ ಸದಸ್ಯೆ, ಕಚೇರಿಯ ಕೀಲಿ ಅವರ ಬಳಿಯೂ ಇತ್ತು; ಹತ್ತಿರದ ಊರು ಆಶ್‌ಬರ್ನ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಒಬ್ಬರೇ ಇದ್ದರು. ಮಧ್ಯಾಹ್ನ ಇವರು ಹೋದಾಗ ಆಕೆ ಕೋಟು, ಶೂ ಹಾಕಿಕೊಂಡು ಸಿದ್ಧವಾಗಿಯೇ ಬಾಗಿಲು ತೆರೆದರು. ಬಾವುಟ ಹಾಸಿಗೆಯ ಮೇಲಿತ್ತು. ದಿಂಬು, ಹೊದಿಕೆ ಸೋಫಾಕ್ಕೆ ಬಂದಿದ್ದವು.

"ಎರಡು ಸೀಟು ಸಿಗ್ತಿತ್ತಲ್ಲ?" ಎಂದಳು ಜ್ಯೋತ್ಸ್ನಾ.

"ಪ್ರತಿ ಚುನಾವಣೆಯಲ್ಲೂ ಸೋತಿದ್ದೀವಿ," ಎಂದರು ಇನೆಸ್. "ನಮ್ಮ ಹೆಸರಲ್ಲೇ ಸೋತಿದ್ದೀವಿ."

ಇನೆಸ್ ಬಾವುಟದ ಒಂದು ತುದಿ ಎತ್ತಿದಾಗ, ಯಾರೂ ಹೇಳದೆಯೇ ಸಮರ್ಥ್ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಮಡಿಸಿದರು. ತೇಯೊಗೆ ಇದು ಯಾವಾಗ ಸಿಗುತ್ತದೆ ಎಂದು ಇನೆಸ್ ವಿಚಾರಿಸಿದರು. ವಾರಾಂತ್ಯದಲ್ಲಿ ಎವಿಡೆನ್ಸ್ ರೂಮಿನಿಂದ ಏನೂ ಹೊರಗೆ ಹೋಗುವುದಿಲ್ಲ, ಸೋಮವಾರದ ನಂತರವೇ ಎಂದಳು ಜ್ಯೋತ್ಸ್ನಾ. ಇನೆಸ್ ತಾವಾಗಿಯೇ ಎರಡೂ ಕೈ ಚಾಚಿದರು. ಜ್ಯೋತ್ಸ್ನಾ ಕೋಳವನ್ನು ಸಡಿಲವಾಗಿ ಹಾಕಿ ಬಂಧಿಸಿದಳು.

ಠಾಣೆಯಲ್ಲಿ ಇನೆಸ್ ಹೇಳಿಕೆ ಕೊಟ್ಟರು. ದ್ವೀಪದ ಮೀನು ಕಾರ್ಖಾನೆಯ ನಾಲ್ವರು ಹೆಂಗಸರು ಸೇರಿ ಆ ಬಾವುಟ ಹೊಲಿದಿದ್ದರು. ತನ್ನನ್ನು ಬಿಟ್ಟು ಉಳಿದ ಮೂವರು ಈಗ ಅಲ್ಲಿಯ ಮಣ್ಣಿನಲ್ಲಿದ್ದಾರೆ. ಅವರನ್ನು ಕೇಳದೆ ಬೇಡಿಕೆ ಬಿಟ್ಟುಕೊಡಲು ತನಗೆ ಅಧಿಕಾರವಿಲ್ಲ ಎನ್ನಿಸಿತು, ಅಷ್ಟೇ.

"ಉದ್ಯೋಗ?" ಎಂದು ಕೇಳಿದ ಸಮರ್ಥ್.

"ಪಕ್ಷದ ಸದಸ್ಯೆ."

ಆಕೆ ಹಿಂದೆ ಹೋಟೆಲಿನಲ್ಲಿ ದುಡಿದಿದ್ದರಿಂದ, ಹೋಟೆಲ್ ಕೆಲಸದಿಂದ ನಿವೃತ್ತಿ ಎಂದು ಹಾಕಬಹುದು ಎಂದ ಅವನು. ಇನೆಸ್ ಬೇಡವೆಂದು ತಲೆಯಾಡಿಸಿದರು. ತಾವು ಹೇಳಿದ್ದನ್ನೇ ಅವನು ಟೈಪ್ ಮಾಡಿ ಮುಗಿಸುವವರೆಗೆ ಕುರ್ಚಿಯಲ್ಲಿ ಕೂರಲಿಲ್ಲ.