ಇಪ್ಪತ್ತೈದು ಸಾವಿರದ ಇನ್ನೂರಾ ಒಂದು

ನನ್ನ ಮೊಣಕಾಲು ಅಮಸಿದ್ದಪ್ಪನ ಎದಿ ಮ್ಯಾಲಿತ್ತು. ಅವನ ಚಾಕು ನನ್ನ ತೋಳಿನಾಗಿತ್ತು.

ನೋವು ಆಗಲಿಲ್ಲ. ಸಂಸ್ಥಾನ ಮುಂಬೈ ರಾಜ್ಯಕ್ಕ ಸೇರಿ ನನ್ನ ಅರಮನಿ ಕಾವಲು ನೌಕರಿ ಹೋದಾಗಿಂದ ನನಗ ಏನೂ ಆಗೂದಿಲ್ರಿ. ಈಗ ಮುಧೋಳದಾಗ ಮಂದಿ ಹುಡುಕಿ ಕೊಡೂದು ನನ್ನ ದಂಧೆ.

"ಬೀಗದ ನಂಬರ್ ಹೇಳಲೇ."

"ಹೇಳೂದಿಲ್ಲ."

ಅದು ಗಲಗಲಿ ಹೊರಗಿನ ಅವನ ಉಣ್ಣೆ ಗೋದಾಮು. ಒಳಗ ಕಬ್ಬಿಣದ ಕೋಣಿ. ಅದರಾಗ ಸುಂದರವ್ವ.

ಆಕಿ ಗಂಡ ಗಿರಿಮಲ್ಲಪ್ಪನ್ನ ಇಂವ ಕೊಂದಿದ್ದ. ಆಕಿ ಕಣ್ಣಾರೆ ನೋಡಿದ್ದಳು. ನಾಳೆ ಜಮಖಂಡಿ ಕೋರ್ಟಿನಾಗ ಸಾಕ್ಷಿ... ಇವತ್ತು ಮುಂಜಾನೆ ಮುಧೋಳದಾಗ ಆಕಿನ್ನ ಜೀಪಿಗೆ ಹಾಕ್ಕೊಂಡು ಹೊಂಟ. ನಾ ಮೋಟರ್ ಸೈಕಲ್ ಮ್ಯಾಲೆ ಬೆನ್ನ ಹತ್ತಿದೆ. ಎರಡು ಸಲ ಗುಂಡು ಹಾರಿಸಿದ. ನಾ ಬರೂದ್ರಾಗ ಬಾಗಲಾ ಹಾಕಿದ್ದ.

ಕೋಣಿಗೆ ಕಿಟಕಿ ಇಲ್ಲ, ಗಾಳಿ ಹೋಗಾಕ ಸಂದಿನೂ ಇಲ್ಲ. ಬಾಗಲಕ್ಕ ಐದು ಅಂಕಿ ಬೀಗ. ಸುಂದರವ್ವ ಒಳಗಿಂದ ಬಡಿಯಾಕತ್ತಿದ್ದಳು.

ಮೂಲ್ಯಾಗ ಅವನ ಅವ್ವ ಮಾಯವ್ವ ಉಣ್ಣೆ ಬಿಡಸಾಕತ್ತಿದ್ದಳು. ತಲಿ ಎತ್ತಲಿಲ್ಲ.

ಅವನ್ನ ಕಂಬಕ್ಕ ಕಟ್ಟಿದೆ. ಎರಡು ಹಲ್ಲು ಉದುರಿಸಿದೆ. ನಕ್ಕ.

"ಸಾಲಿ ಕಲತಾಂವ ಅಲ್ಲೇನ ನೀ? ಬಿಡಸು ಹಂಗಾರ. ಒಂದು ಕುರಿ ಹಿಂಡು. ಎರಡೆರಡು ನಿಲ್ಲಿಸಿದರ ಒಂದು ಉಳೀತೈತಿ. ಮೂರ್ಮೂರು ನಿಲ್ಲಿಸಿದರೂ ಒಂದು. ಹತ್ಹತ್ತರ ತನಕ ಹಂಗs. ಹನ್ನೊಂದು ಹನ್ನೊಂದು ನಿಲ್ಲಿಸಿದರ ಏನೂ ಉಳಿಯೂದಿಲ್ಲ. ಹಂಗ ಬರೂ ಹಿಂಡಿನಾಗ ಎಲ್ಲಾಕ್ಕಿಂತ ಸಣ್ಣದು ಹಿಡಿ. ನಮ್ಮ ಕುರಿ ಎಷ್ಟು? ಅದs ನಂಬರ್."

ಇದ್ದಲಿ ತಗೊಂಡು ಗ್ವಾಡಿ ಮ್ಯಾಲೆ ಬರದೆ. ಎರಡರಿಂದ ಹತ್ತರ ತನಕ ಎಲ್ಲಾದರಿಂದನೂ ಭಾಗ ಹೋಗೂ ಸಣ್ಣ ಸಂಖ್ಯೆ 2520. ಒಂದು ಕೂಡಸಿದೆ. ಹನ್ನೊಂದರಿಂದ ಭಾಗಿಸಿದೆ... ಎರಡು ಉಳೀತು. 2520ರ ದುಪ್ಪಟ್ಟಿಗೆ ಒಂದು ಕೂಡಸಿದರ ಮೂರು. ಮೂರು ಪಟ್ಟಿಗೆ ನಾಕು. ಹತ್ತು ಪಟ್ಟಿಗೆ ಹೋದಾಗ ಏನೂ ಉಳೀಲಿಲ್ಲ.

25201.

ತಿರುವಿದೆ. ಬೀಗ ತಗೀಲಿಲ್ಲ.

ಮತ್ತ ತಿರುವಿದೆ. ಇಲ್ಲ.

ಒಳಗಿನ ಬಡಿತ ನಿಂತಿತು.

ಆವಾಗ ಮಾಯವ್ವ ತಲಿ ಎತ್ತಿದಳು.

"ಬೀರಪ್ಪನ ಕುರಿ ಬಿಡು."

"ಏನಬೇ?"

"ಉಳದ ಒಂದು ದೇವರದು. ಹಿಂಡಿನಾಗ ನಿಂದರತೈತಿ, ನಮ್ಮ ಎಣಿಕಿಗೆ ಬರೂದಿಲ್ಲ. ನಮ್ಮ ಮಂದಿ ಅದನ್ನ ತಮ್ಮದಂತ ಎಂದೂ ಎಣಸಿಲ್ಲ."

"ಅವ್ವಾ!" ಅಂತ ಅಮಸಿದ್ದಪ್ಪ ಚೀರಿದ.

"ಆಕೀದೂ ಒಂದು ಜೀವ ಅಲ್ಲೇನ?" ಅಂದಳು ಮಾಯವ್ವ.

25200.

ಬಾಗಲಾ ತಗೀತು. ಸುಂದರವ್ವ ನನ್ನ ಕಾಲ ಮ್ಯಾಲೆ ಬಿದ್ದಳು. ಬಾಯಿ ತಗದು ಉಸಿರು ಎಳಕೊಂಡಳು, ಕೆಮ್ಮಿದಳು. ನೀರು ಕುಡಿಸಿದೆ.

"ನಾಳೆ ಎಷ್ಟಕ್ಕ ಹೋಗೂದ್ರಿ?" ಅಂತ ಕೇಳಿದಳು.

"ಎಂಟರ ಬಸ್ಸಿಗೆ."

ಮಾಯವ್ವ ಮಗನ್ನ ನೋಡಿದಳು. "ಇವಂದು ಏನ ಆಕ್ಕೈತಿ?"

ಸುಳ್ಳು ಹೇಳಬೇಕಂದೆ. ಬರಲಿಲ್ಲ.

"ಗಲ್ಲು ಆಕ್ಕೈತಬೇ."

ಆಕಿ ಅಳಲಿಲ್ಲ. ಬುತ್ತಿ ಬಿಚ್ಚಿದಳು. ಕಟ್ಟಿದ ಮಗನ ಬಾಯಿಗೆ ತುತ್ತು ಮಾಡಿ ಇಟ್ಟಳು. ಅಂವ ರಕ್ತ ಉಗುಳಿ ತಿಂದ.

ಆಮ್ಯಾಲೆ ನನ್ನ ಮುಂದನೂ ಎರಡು ರೊಟ್ಟಿ ಇಟ್ಟಳು.

ತಿಂದೆ... ಹಸಿವಾಗಿತ್ತು, ಮತ್ತೇನ್ ಮಾಡ್ಲಿ?