ಒಂಬತ್ತನೇ ಮೆಟ್ಟಿಲು

"ಒಂಬತ್ತನೇ ಮೆಟ್ಟಿಲ ಮೇಲೆ ಕೂತು ನಾನು ಪೇಪರ್ ಓದೋದು ನಿನಗೆ ಹೇಗೆ ಗೊತ್ತು?"

ವ್ಯಾನಿನ ಮುಂದಿನ ಸೀಟಿನಲ್ಲಿದ್ದ ಲೋವೆಲ್ ಪ್ರೂಯಿಟ್ ಎರಡು ಹಾಳೆಗಳನ್ನು ಕೈಯಲ್ಲಿ ಹಿಡಿದಿದ್ದ. ದನಿಯಲ್ಲಿ ಸಿಟ್ಟಿತ್ತು. ಸ್ಟೇರಿಂಗ್ ಹಿಡಿದಿದ್ದ ರೊವೀನಾ ನೇಪಿಯರ್ ಓರೆಗಣ್ಣಿನಲ್ಲೇ ಗುರುತಿಸಿದಳು. ಅಕ್ಷರ ಅವಳದೇ, ಇಲ್ಲ ಅನ್ನುವ ಹಾಗಿರಲಿಲ್ಲ.

"ನೋಡಿದೀನಿ," ಅಂದಳು.

"ಎಷ್ಟು ಸಲ?"

"ನಿನ್ನನ್ನ ಮನೆ ಮುಂದೆ ಇಳಿಸಿದಷ್ಟೂ ಸಲ."

ಹಿಂದಿನ ಸೀಟಿನಿಂದ, ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡಿದ್ದ ಹೋಬರ್ಟ್ ಅಜ್ಜ ಕೂಗಿದ: "ಜಗಳ ಆಡೋದಾದ್ರೆ ಸ್ವಲ್ಪ ಜೋರಾಗಿ ಆಡ್ರಪ್ಪಾ. ನನ್ನ ಕಿವಿ ಮಂದ."



ಕೆಂಟಕಿಯ ಆ ಬೆಟ್ಟದೂರಿನಿಂದ ಮಾಜಿ ಸೈನಿಕರ ಆಸ್ಪತ್ರೆಗೆ ಎರಡು ಗಂಟೆ ದಾರಿ. ಮಂಗಳವಾರ, ಶುಕ್ರವಾರ ರೊವೀನಾ ಸಂಬಳವಿಲ್ಲದೆ ಆ ವ್ಯಾನ್ ಓಡಿಸುತ್ತಿದ್ದಳು. ಅವಳ ಅಪ್ಪನೂ ಸೈನಿಕ. ಸೇವೆಯಲ್ಲಾದ ಗಾಯಕ್ಕೆ ಪಿಂಚಣಿ ಕೇಳಿ ಅವನು ಹಾಕಿದ್ದ ಅಪೀಲಿಗೆ ಉತ್ತರ ಬರುವ ಹೊತ್ತಿಗೆ ಅವನನ್ನು ಮಣ್ಣು ಮಾಡಿ ಐದು ತಿಂಗಳಾಗಿತ್ತು. ಗಂಡ ಅದಕ್ಕೂ ಮೊದಲೇ ಬೇರೊಬ್ಬಳ ಜೊತೆ ಊರು ಬಿಟ್ಟಿದ್ದ. ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ದಾರಿ ನೋಡೋಣ ಎಂದು ಬಂದವಳು.

ಚಾಲಕರಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರಯಾಣಿಕರನ್ನು ಎತ್ತಬಾರದು, ಹಿಡಿಯಬಾರದು, ಹತ್ತಿಸಬಾರದು. ಬಿದ್ದರೆ ಇಬ್ಬರೂ ಬೀಳುತ್ತೀರಿ ಎಂಬ ಕಾರಣ. ತಪ್ಪಿದರೆ ಕೊರಳಿನ ಬ್ಯಾಡ್ಜ್ ವಾಪಸ್. ಮುಟ್ಟುವ ಹಾಗಿರಲಿಲ್ಲ, ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಎರಡು ವರ್ಷ ಅವಳು ನೋಡಿದ್ದಳು.

ಲೋವೆಲ್ ಮೊದಲು ಬೆನ್ನು ತಿರುಗಿಸಿ ಸೀಟಿಗೆ ಕೂರುತ್ತಿದ್ದ. ಆಮೇಲೆ ಮಂಡಿಯ ಹತ್ತಿರ ಪ್ಯಾಂಟಿನ ಬಟ್ಟೆ ಹಿಡಿದು, ಎಡಗಾಲನ್ನು ಬೇರೆ ಯಾರದೋ ಸಾಮಾನಿನಂತೆ ಒಳಗೆ ಎತ್ತಿ ಇಡುತ್ತಿದ್ದ. ಮೇಲ್ತುಟಿಯಲ್ಲಿ ಬೆವರು. ಅದು ಆರುವ ಮೊದಲೇ ಅವಳ ಕಡೆ ತಿರುಗಿ ನಗು.

"ಹೊರಡೋಣ, ಡ್ರೈವರಮ್ಮ."

"ಅಪ್ಪಣೆ, ಸಾರ್ಜೆಂಟ್ ಸಾಹೇಬ್ರೇ."

ಆ ಬೆವರಿಗೂ ಆ ನಗುವಿಗೂ ನಡುವಿನ ಒಂದು ಕ್ಷಣದಲ್ಲಿ ಅವನ ಮುಖ ಬಯಲಾಗಿರುತ್ತಿತ್ತು. ಆ ಮುಖವನ್ನೇ ಅವಳು ಪ್ರೀತಿಸಿದ್ದು. ಐವತ್ತೊಂದನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ಮಂಗಳವಾರದಿಂದ ಶುಕ್ರವಾರದವರೆಗೆ ದಿನ ಎಣಿಸುತ್ತ.

ಪ್ಯಾರಾಚೂಟ್ ಪಡೆಯಲ್ಲಿದ್ದಾಗ ಗಾಳಿಗೆ ಸಿಕ್ಕಿ ಬಂಡೆಯ ಮೇಲೆ ಇಳಿದಿದ್ದ ಅವನು. ಸೊಂಟದ ಕೀಲು ಅಂದೇ ಕೆಟ್ಟಿತ್ತು. ಸರ್ಕಾರ ಅದನ್ನು ಒಪ್ಪಿಯೂ ಇತ್ತು. ಆದರೆ ಅಂಗವೈಕಲ್ಯ ಶೇಕಡಾ ಹತ್ತೇ ಎಂದು ಬರೆದು, ಅಷ್ಟಕ್ಕೇ ಪಿಂಚಣಿ ಕೊಟ್ಟಿತ್ತು. "ಹತ್ತು ಪರ್ಸೆಂಟ್ ಕುಂಟ ಬಂದ, ಜಾಗ ಬಿಡ್ರೋ," ಎಂದು ಹೋಬರ್ಟ್ ಅಜ್ಜ ಆಡಿಕೊಳ್ಳುತ್ತಿದ್ದ.

ತಪ್ಪು ಲೋವೆಲ್‌ನದೇ. ಅದನ್ನು ಅಳೆಯುವ ವೈದ್ಯಕೀಯ ಪರೀಕ್ಷೆಯ ದಿನ ನುಣ್ಣಗೆ ಶೇವ್ ಮಾಡಿ, ಬೂಟಿಗೆ ಪಾಲಿಶ್ ಹಾಕಿ ಹೋಗಿದ್ದ. ಕಾಲೆತ್ತಿ ಅಂದರು, ಹಲ್ಲು ಕಚ್ಚಿ ಎದೆಯವರೆಗೂ ಎತ್ತಿದ. ನೋವಿದೆಯಾ ಅಂದರು, ಪರವಾಗಿಲ್ಲ ಸರ್ ಅಂದ. ಅವನ ಪಡೆಯಲ್ಲಿ ನೋವು ಅಂದವನನ್ನು ಮೈಗಳ್ಳ ಅನ್ನುತ್ತಿದ್ದರು. ನೋವು ಶುರುವಾದಲ್ಲಿ ನಿಲ್ಲಿಸಬೇಕಿತ್ತು, ಅಳತೆ ಹಿಡಿಯುವುದೇ ಅಲ್ಲಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಅಷ್ಟೆ.

ಅಂಗಡಿಯಲ್ಲಿ ನಿಂತು ಮಾಡುವ ಕೆಲಸ ಹೋಗಿತ್ತು. ಇಪ್ಪತ್ತೆರಡು ಮೆಟ್ಟಿಲ ಮೇಲಿನ ಮನೆ ಉಳಿದಿತ್ತು. ಆ ಹತ್ತು ಪರ್ಸೆಂಟಿನ ವಿರುದ್ಧ ಹಾಕಿದ ಅಪೀಲು ಬಿದ್ದುಹೋದರೆ ಮನೆ ಮಾರಿ ತುಲ್ಸಾದ ಅಕ್ಕನ ಮನೆಗೆ ಹೋಗಿಬಿಡುತ್ತೇನೆ ಎಂದಿದ್ದ. ತುಲ್ಸಾ ಒಂದು ದಿನದ ದಾರಿ. ರೊವೀನಾಳ ವ್ಯಾನ್ ಅಲ್ಲಿಗೆ ಹೋಗುವುದಿಲ್ಲ.

ಹಾಗಾಗಿ, ಕಣ್ಣಾರೆ ಕಂಡವರು ಯಾರಾದರೂ ಬರೆದುಕೊಟ್ಟರೆ ಅನುಕೂಲ ಎಂದು ಅಪೀಲು ನೋಡಿಕೊಳ್ಳುವ ಗುಮಾಸ್ತ ಹೇಳಿದಾಗ ಅವಳು ಬರೆದಿದ್ದಳು. ಲೋವೆಲ್ ಎಂದಿನಂತೆ ಓದದೆ ಕಾಗದದ ಕಟ್ಟಿಗೆಲ್ಲ ಸಹಿ ಹಾಕಿದ್ದ. ಈಗ ಮರುಪರೀಕ್ಷೆಯ ಆದೇಶದ ಜೊತೆ ಅವಳ ಬರಹದ ಪ್ರತಿಯೊಂದು ಅವನ ಮನೆಗೇ ಬಂದಿತ್ತು.

ಅವನು ಗಟ್ಟಿಯಾಗಿ ಓದಿದ: "'ಮುಂದೆ ಹತ್ತಲಾಗದೆ ಒಂಬತ್ತನೇ ಮೆಟ್ಟಿಲ ಮೇಲೆ ಕೂತು ಪೇಪರ್ ಬಿಚ್ಚುತ್ತಾರೆ. ಮಳೆ ಬಂದರೂ ಓದುತ್ತಾರೆ. ಒಮ್ಮೆ ಪೇಪರ್ ತಲೆಕೆಳಗಾಗಿತ್ತು.' ಇದನ್ನ ಯಾರ್ ಯಾರು ಓದಿದಾರೆ ಗೊತ್ತಾ? ನನ್ನ ಮಾನ ತೆಗೆದು ಲಕೋಟೆಗೆ ಹಾಕಿ ಕಳಿಸಿದೀಯಲ್ಲೇ!"

"ಬಾಗಿಲ ದೀಪ ಹತ್ತೋವರೆಗೂ ನಾನು ತಿರುವಿನಲ್ಲೇ ಕಾಯ್ತಿದ್ದೆ ಅಂತಾನೂ ಬರ್ದಿದೀನಿ. ಅದನ್ನ ಯಾಕೆ ಓದಲ್ಲ?"

ಅವನು ಹಾಳೆ ಮಡಿಸಿ ಜೇಬಿಗಿಟ್ಟ. "ಇನ್ಮೇಲೆ ಕಾಯ್ಬೇಡ."

ಹಿಂದಿನಿಂದ ಅಜ್ಜನ ದನಿ ಬಂತು, ತಮಾಷೆ ಇಲ್ಲದೆ.

"ಲೋವೆಲ್, ಮಗನೇ. ನಾನು ನನ್ನ ಹೆಂಡತಿಗೆ ಒಂದು ದಿನಾನೂ ನೋವು ಅಂತ ಹೇಳ್ಲಿಲ್ಲ. ಅವಳಿಗೆ ಕ್ಯಾನ್ಸರ್ ಆದಾಗ ಅವಳೂ ನನಗೆ ಹೇಳ್ಲಿಲ್ಲ. ಸಮಸಮ ಆಯ್ತು."

ಮೂರು ವಾರ ಲೋವೆಲ್ ಹಿಂದಿನ ಸಾಲಿನಲ್ಲಿ ಕೂತ. ಅಲ್ಲಿ ಕಾಲು ಮಡಿಸುವುದು ಇನ್ನೂ ಕಷ್ಟ ಎಂದು ಇಬ್ಬರಿಗೂ ಗೊತ್ತಿತ್ತು. 'ಡ್ರೈವರಮ್ಮ' ಎಂಬ ಮಾತೇ ಇರಲಿಲ್ಲ. ಕನ್ನಡಿಯಲ್ಲಿ ಕಣ್ಣು ಸೇರಿದರೆ ಅವನೇ ಕಿಟಕಿಗೆ ತಿರುಗುತ್ತಿದ್ದ. ನಾಲ್ಕನೆಯ ವಾರ ಹೋಬರ್ಟ್ ಅಜ್ಜ ಬರಲಿಲ್ಲ. ಭಾನುವಾರವೇ ತೀರಿಕೊಂಡಿದ್ದ. ಅವನ ಶ್ವಾಸಕೋಶದ ಅಪೀಲು ಇನ್ನೂ ಯಾವುದೋ ಮೇಜಿನ ಮೇಲಿತ್ತು.

ಸಮಾಧಿಯ ಹತ್ತಿರ ತುತ್ತೂರಿ ಊದುವಾಗ ಲೋವೆಲ್ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಎಡಗಾಲು ಕಂಪಿಸುವುದನ್ನು ರೊವೀನಾ ದೂರದಿಂದ ಕಂಡಳು. ಮೊದಲ ಬಾರಿಗೆ ಕಣ್ಣು ಮುಚ್ಚಿಕೊಂಡಳು. ಕಾಯ್ಬೇಡ ಅಂದಿದ್ದನಲ್ಲ, ನೋಡುವುದೂ ಬೇಡವೆನಿಸಿತು.

ಮರುಪರೀಕ್ಷೆಯ ಶುಕ್ರವಾರ ವ್ಯಾನಿನಲ್ಲಿ ಪ್ರಯಾಣಿಕ ಅವನೊಬ್ಬನೇ. ಗಡ್ಡ ಬೋಳಿಸಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: "ಹೀಟರ್ ಸ್ವಲ್ಪ ಹಾಕು."

ಅವಳು ಆಸ್ಪತ್ರೆಯ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ ಕಾದಳು. ಫ್ಲಾಸ್ಕಿನ ಕಾಫಿ ತಣ್ಣಗಾಯಿತು. ಅವನು ಮತ್ತೆ ಪರವಾಗಿಲ್ಲ ಸರ್ ಅನ್ನುತ್ತಾನೆ, ಮನೆ ಮಾರುತ್ತಾನೆ, ಹೋಗುತ್ತಾನೆ. ಅವಳಿಗೆ ಅಪ್ಪನ ಮೇಲೆ, ಸೈನ್ಯದ ಮೇಲೆ, ಕಾಲೆತ್ತಿ ಎದೆ ಮುಟ್ಟಿಸುವ ಎಲ್ಲ ಗಂಡಸರ ಮೇಲೆ ರೋಷ ಉಕ್ಕಿತು.

ಒಂದೂವರೆ ಗಂಟೆಯ ಮೇಲೆ ಅವನು ಬಂದ. ಕಣ್ಣು ಕೆಂಪಗಿದ್ದವು. ವ್ಯಾನಿನ ಬಾಗಿಲ ಬಳಿ ನಿಂತ.

"ಪರೀಕ್ಷೆ ಮಾಡೋ ಹುಡುಗಿ ಕೋನ ಅಳೆಯೋ ಪಟ್ಟಿ ಹಿಡ್ಕೊಂಡು ಕಾಲೆತ್ತಿ ಅಂದ್ಲು. ಎತ್ತಿದೆ. ನೋವು ಶುರುವಾಯ್ತು, ಬಾಯೇ ಬರ್ಲಿಲ್ಲ."

"ಆಮೇಲೆ?"

"ಪೇಪರ್ ತಲೆಕೆಳಗಾಗಿತ್ತು ಅಂತ ಬರ್ದಿದ್ದೆಯಲ್ಲ, ಅದು ನೆನಪಾಯ್ತು. ಇಲ್ಲೇ, ಇಲ್ಲೇ ನೋವು ಅಂದೆ. ಮೂವತ್ತು ಡಿಗ್ರಿ. ಹೋದ ಸಲ ನೂರು ದಾಟಿಸಿದ್ದೆ, ಕತ್ತೆ ನಾನು." ಮುಖ ಒರೆಸಿಕೊಂಡ. "ಅತ್ಬಿಟ್ಟೆ ಕಣೆ. ಆ ಚಿಕ್ಕ ಹುಡುಗಿ ಮುಂದೆ."

"ಡಾಕ್ಟರು ಏನಂದ್ರು?"

"ಕೀಲಿನೊಳಗಿನ ಮೂಳೆ ರಕ್ತ ಸಿಗದೆ ಸಾಯ್ತಿದೆಯಂತೆ. ಆಪರೇಷನ್ ಆದ್ರೂ ಮೊದಲಿನ ಹಾಗೆ ನಡೀತೀನಿ ಅಂತ ಹೇಳೋಕಾಗಲ್ವಂತೆ. ಅಪೀಲಿನ ಉತ್ತರಕ್ಕೆ ಇನ್ನೂ ತಿಂಗಳುಗಟ್ಟಲೆ."

ಬಾಗಿಲ ಮೇಲಿನ ಹಿಡಿಗೆ ಕೈ ಚಾಚಿದ. ಅರ್ಧಕ್ಕೆ ಇಳಿಸಿದ.

"ಹತ್ತೋಕಾಗ್ತಿಲ್ಲ ರೊವೀನಾ. ಕೈ ಕೊಡು."

ಹೆಬ್ಬಾಗಿಲಲ್ಲಿ ಕಾವಲುಗಾರ ಇತ್ತಲೇ ನೋಡುತ್ತಿದ್ದ. ಮೇಲೆ ಕ್ಯಾಮೆರಾ. ರೊವೀನಾ ಕೊರಳಿನ ಬ್ಯಾಡ್ಜ್ ತೆಗೆದು ಹೋಬರ್ಟ್ ಅಜ್ಜನ ಖಾಲಿ ಸೀಟಿನ ಮೇಲಿಟ್ಟಳು. ಇಳಿದು ಬಂದು ಅವನ ಕಂಕುಳಿಗೆ ಭುಜ ಕೊಟ್ಟು ಮುಂದಿನ ಸೀಟಿಗೆ ಕೂರಿಸಿದಳು. ಎಣಿಸಿದ್ದಕ್ಕಿಂತ ಭಾರವಿದ್ದ. ಎರಡು ವರ್ಷ ಕಣ್ಣಲ್ಲೇ ಎತ್ತಿಟ್ಟಿದ್ದ ಆ ಎಡಗಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಒಳಗಿಟ್ಟಳು. ಅವನು ನೋವಿಗೆ ಗಟ್ಟಿಯಾಗಿ ನರಳಿದ, ಮುಚ್ಚಿಡಲಿಲ್ಲ.

"ನಿನ್ನ ಬ್ಯಾಡ್ಜ್ ಹೋಯ್ತಲ್ಲೇ."

"ಹೋಗ್ಲಿ. ಸೋಮವಾರ ನಾನೇ ಹೋಗಿ ಹೇಳ್ತೀನಿ. ನಿನ್ನನ್ನ ಸುಮ್ನೆ ನೋಡಿ ನೋಡಿ ನನಗೆ ಸಾಕಾಗಿದೆ ಲೋವೆಲ್. ಪ್ರೀತಿ ಮಾಡೋರು ಎಷ್ಟು ದಿನ ತಿರುವಿನಲ್ಲಿ ನಿಂತಿರ್ಬೇಕು?"

ವ್ಯಾನ್ ಹೊರಟಾಗ ಅವನು ಗೇರಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಎರಡು ಗಂಟೆಯ ದಾರಿಯುದ್ದಕ್ಕೂ ತೆಗೆಯಲಿಲ್ಲ.

ಅವನ ಮನೆಯ ಮುಂದೆ ವ್ಯಾನ್ ನಿಂತಿತು. ಇಪ್ಪತ್ತೆರಡು ಮೆಟ್ಟಿಲೂ ಒದ್ದೆಯಾಗಿದ್ದವು. ಇಬ್ಬರೂ ಅದನ್ನೇ ನೋಡಿದರು.

"ನಮ್ಮನೆಗೆ ಎರಡೇ ಮೆಟ್ಟಿಲು," ಅಂದಳು ರೊವೀನಾ.

ಲೋವೆಲ್ ಮೆಟ್ಟಿಲಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. ಆಮೇಲೆ ಕೇಳಿದ:

"ಪೇಪರ್ ತರಿಸ್ತೀಯಾ?"

"ತರಿಸ್ತೀನಿ. ಒಳಗೆ ಕೂತು ಓದು."