ಎರಡು ಬೆರಳು ಸಡಿಲ

“ನಲವತ್ತಮೂರು! ಅಯ್ಯೋ, ಇನ್ನೂ ಮೂರು ಗ್ರಾಂ ಜಾಸ್ತಿ!”

ಚಿನಕುರುಳಿ ತಕ್ಕಡಿಯ ಮೇಲಿದ್ದ ಬೆಳ್ಳಿ ಬಣ್ಣದ ಚೀಲವನ್ನು ಸರಕ್ಕನೆ ಎತ್ತಿಕೊಂಡಳು. ಕತ್ತರಿ ಎಲ್ಲಿ? ಬಟ್ಟೆ ಚೂರುಗಳ ಅಡಿಯಲ್ಲಿ. ದಾರದ ಉಂಡೆ? ಅದು ಮೇಜಿನ ಕೆಳಗೆ ಉರುಳಿಹೋಗಿತ್ತು. ಅಮ್ಮನ ಬ್ಯಾಗ್ ಹೊಲಿಯುವ ಅಂಗಡಿ ಒಂದೇ ಗಂಟೆಯಲ್ಲಿ ಮಂಗ ಹೊಕ್ಕ ತೋಟದಂತಾಗಿತ್ತು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮಾತು ಚಟಪಟ, ಕೆಲಸವೂ ಚಟಪಟ. ಅದಕ್ಕೇ ಮನೆಯಲ್ಲೂ ಕ್ಲಾಸಿನಲ್ಲೂ ಅವಳು ಚಿನಕುರುಳಿ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದವನು ಅವಳ ಜೊತೆಗಾರ, ಪ್ರಧಾನಿ. ಗಾಬರಿಯಾಗಬೇಡಿ, ಅವನು ದೇಶ ಆಳುವವನಲ್ಲ, ಐದನೇ ಕ್ಲಾಸಿನವನು. ಯಾರಾದರೂ “ಬೇಗ ಬಾರೋ” ಎಂದರೆ “ನಿಧಾನವೇ ಪ್ರಧಾನ” ಎನ್ನುತ್ತಿದ್ದ. ಹಾಗೆ ಹೇಳಿ ಹೇಳಿಯೇ ಪ್ರಧಾನಿಯಾಗಿಬಿಟ್ಟ. ಏನಾದರೂ ಹೇಳುವ ಮೊದಲು ಅವನು ಚಾವಣಿ ನೋಡಬೇಕು, ಮೂಗು ಉಜ್ಜಬೇಕು, ಆಮೇಲೆ ಬಾಯಿ ತೆರೆಯಬೇಕು. ಅಷ್ಟರಲ್ಲಿ ಚಿನಕುರುಳಿ ಎರಡು ಉತ್ತರ ಕೊಟ್ಟು ಮುಗಿಸಿರುತ್ತಿದ್ದಳು.

ಈ ಜೋಡಿಯನ್ನು ಚೀಟಿ ಎತ್ತಿ ಮಾಡಿದ್ದು ವಿಜ್ಞಾನದ ಮಿಸ್. ನಾಳೆ ಕ್ಲಾಸಿಗೆಲ್ಲ ಬೆಟ್ಟದ ಟ್ರೆಕ್. ಅಲ್ಲಿರುವುದು ಒಂದೇ ಒಂದು ಪುಟ್ಟ ಸ್ಟೌ, ಅದೂ ಮಿಸ್ ಕೈಯಲ್ಲಿ, ನೀರು ಕುದಿಸಲು ಮಾತ್ರ. ಬೇಯಿಸಿ ಒಣಗಿಸಿದ ಅನ್ನ, ಕ್ಯಾರೆಟ್ ಚೂರು, ಬಟಾಣಿ ಇರುವ ಪ್ಯಾಕೆಟ್ಟಿಗೆ ಆ ನೀರು ಸುರಿಯಬೇಕು. ಪ್ಯಾಕೆಟ್ಟನ್ನು ಶಾಖ ಹಿಡಿದಿಡುವ ಚೀಲದೊಳಗೆ ಹಾಕಿ ಮುಚ್ಚಬೇಕು. ಹದಿನೈದು ನಿಮಿಷದಲ್ಲಿ ಊಟ ರೆಡಿ!

ಆ ಚೀಲವನ್ನು ಮಕ್ಕಳೇ ಮಾಡಿಕೊಂಡು ಬರಬೇಕು. ತೂಕ ನಲವತ್ತು ಗ್ರಾಂ ದಾಟಬಾರದು. ಯಾರ ಊಟ ಎಲ್ಲಕ್ಕಿಂತ ಬಿಸಿಯಾಗಿರುತ್ತದೋ ಆ ಜೋಡಿಗೆ ಏಳನೇ ಕ್ಲಾಸಿನವರ ಜೊತೆ ಎರಡು ದಿನದ ಕ್ಯಾಂಪ್. ಟೆಂಟಿನಲ್ಲಿ ಮಲಗಬಹುದು! ಟೆಂಟ್ ಅಂತ ಕೇಳಿದಾಗಿನಿಂದ ಚಿನಕುರುಳಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಮ್ಮ ಹಳೆಯ ಬೆಳ್ಳಿ ಹಾಳೆಯೊಂದನ್ನು ಕೊಟ್ಟಿದ್ದಳು. ಬಿಸಿಲು ತಡೆಯಲು ಕಾರಿನ ಗಾಜಿಗೆ ಇಡುತ್ತಾರಲ್ಲ, ಅದು. ಒಳಗೆಲ್ಲ ಗಾಳಿ ಗುಳ್ಳೆಗಳು. ಚಿನಕುರುಳಿ ಅದನ್ನು ಮಡಚಿ, ಹೊಲಿದು, ಮುಂದುಗಡೆ ದೊಡ್ಡದೊಂದು ಗುಲಾಬಿ ರಿಬ್ಬನ್ನಿನ ಹೂವನ್ನೂ ಅಂಟಿಸಿದ್ದಳು.

“ಆ ಹೂವು ತೆಗೆದ್ರೆ ತೂಕ ಸರಿಹೋಗುತ್ತಲ್ಲೇ,” ಎಂದಳು ಅಮ್ಮ, ಯಾರದೋ ಬ್ಯಾಗಿಗೆ ಜಿಪ್ ಕೂರಿಸುತ್ತಾ.

“ಹೂವು ತೆಗೆದ್ರೆ ಬ್ಯೂಟಿ ಎಲ್ಲಿ ಉಳೀತು? ಚೀಲಾನೇ ಚಿಕ್ಕದು ಮಾಡ್ತೀನಿ!”

“ಮಾಡು. ಆದ್ರೆ ಎರಡು ಬೆರಳು ಸಡಿಲ ಬಿಡು. ಬಿಗಿಯಾಗಿ ಹೊಲಿದವಳು ಎರಡು ಸಲ ಹೊಲೀತಾಳೆ.”

“ಅದೆಲ್ಲ ನಿನ್ನ ಸ್ಕೂಲ್ ಬ್ಯಾಗಿಗೆ ಅಮ್ಮಾ. ಇದು ಟ್ರೆಕ್ಕಿಂಗ್ ಪೌಚ್!”

ಮಿಸ್ ಕೊಟ್ಟಿದ್ದ ಪ್ಯಾಕೆಟ್ಟನ್ನು ಚೀಲದ ಮೇಲೆ ಮಲಗಿಸಿ, ಅದರ ಅಂಚಿಗೇ ಸರಿಯಾಗಿ ಗೆರೆ ಎಳೆದಳು.

ಪ್ರಧಾನಿ ಚಾವಣಿ ನೋಡಿದ. ಮೂಗು ಉಜ್ಜಿದ. “ಅಲ್ಲಾ... ನೀರು...”

“ನೀರು ಬೇಕಾ? ಆ ಮೂಲೇಲಿದೆ ನೋಡು, ಕುಡ್ಕೋ!”

ಪಾಪ, ಅವನು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದ. ಅಷ್ಟರಲ್ಲಿ ಕತ್ತರಿ ಕಚಕಚ ಓಡಿತ್ತು, ಸೂಜಿಯೂ ಓಡಿತ್ತು, ಚೀಲ ಮತ್ತೆ ತಕ್ಕಡಿ ಏರಿತ್ತು.

“ಮೂವತ್ತೆಂಟು! ನೋಡೋ, ಪ್ಯಾಕೆಟ್ ಹೇಗೆ ಕೂರುತ್ತೆ, ದಿಂಬಿಗೆ ಕವರ್ ಹಾಕಿದ ಹಾಗೆ! ಟೆಂಟ್ ನಮ್ಮದೇ!”

ಪ್ರಧಾನಿ ಕೆಳಗೆ ಬಿದ್ದಿದ್ದ ಬೆಳ್ಳಿ ಪಟ್ಟಿಗಳನ್ನು ಒಂದೊಂದಾಗಿ ಆಯ್ದು ಜೇಬಿಗಿಟ್ಟುಕೊಂಡ.

ಮಾರನೇ ದಿನ ಬೆಟ್ಟದ ತುದಿಯಲ್ಲಿ ಗಾಳಿ ಸುಂಯ್ಯೆಂದು ಬೀಸುತ್ತಿತ್ತು. ಎಲ್ಲರ ತಲೆಗೂ ಉಣ್ಣೆ ಟೋಪಿ, ಕೈಗೆ ದಪ್ಪ ಕೈಗವಸು. ಹತ್ತಿ ಹತ್ತಿ ಹೊಟ್ಟೆ ತಾಳ ಹಾಕುತ್ತಿತ್ತು. ಮಿಸ್ ಒಂದೊಂದೇ ಪ್ಯಾಕೆಟ್ಟಿಗೆ ಕುದಿಯುವ ನೀರು ಸುರಿದು, ಬಾಯಿಯ ಜಿಪ್ ಒತ್ತಿ ಕೊಟ್ಟರು.

“ರೆಡೀನಾ? ಒನ್, ಟೂ, ಥ್ರೀ... ಸ್ಟಾರ್ಟ್!”

ಚಿನಕುರುಳಿ ಚೀಲದ ಬಾಯಿ ಅಗಲಿಸಿದಳು. ಪ್ಯಾಕೆಟ್ಟಿನ ಒಂದು ಮೂಲೆ ಒಳಗೆ ಹೋಯಿತು. ಅಷ್ಟೇ. ನಿನ್ನೆ ಕಾಗದದಂತೆ ಚಪ್ಪಟೆಯಾಗಿದ್ದ ಪ್ಯಾಕೆಟ್ಟು ಈಗ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಕೈಗವಸು ಕಿತ್ತೆಸೆದು ತಳ್ಳಿದಳು. ತಿರುಗಿಸಿ ತಳ್ಳಿದಳು. ಊಹೂಂ! ಸುತ್ತಲಿನವರೆಲ್ಲ ಆಗಲೇ ಚೀಲ ಮುಚ್ಚಿ ಕೂತಿದ್ದರು. ಇವರ ಪ್ಯಾಕೆಟ್ಟಿನ ಬಿಸಿಯೆಲ್ಲ ಗಾಳಿಪಾಲಾಗುತ್ತಿತ್ತು. ಅವಳಿಗೆ ಅಳು ಒತ್ತರಿಸಿ ಬಂತು.

“ಅಲ್ಲಾ... ನೀರು...” ಎಂದ ಪ್ರಧಾನಿ.

“ಈಗಲೂ ನೀರಾ!” ಎಂದು ಕಿರುಚಲು ಹೊರಟವಳು ತಟ್ಟನೆ ನಿಂತಳು. ನಿನ್ನೆಯೂ ಇದೇ ಮಾತು.

“ನಿನ್ನೆ ನೀನು... ಬಾಯಾರಿಕೆ ಅಂತ ಹೇಳಿದ್ದಲ್ವಾ?”

“ಅಲ್ಲ. ನೀರು ತುಂಬಿಸಿ ಆಮೇಲೆ ಅಳತೆ ತಗೊಳ್ಳೋಣ ಅಂತ.”

“ಹೇಳ್ಬೇಕಿತ್ತು ತಾನೇ?”

“ನೀನು ಕುಡ್ಕೋ ಅಂದೆ. ಕುಡಿದೆ.”

ಹೀಗೆನ್ನುತ್ತಲೇ ಅವನು ತನ್ನ ಟೋಪಿ ಕಿತ್ತು ಪ್ಯಾಕೆಟ್ಟನ್ನು ಅದರೊಳಗೆ ತುರುಕಿದ. “ಒಂದು ಪಕ್ಕದ ಹೊಲಿಗೆ ಬಿಚ್ಚು. ಬೇಗ!”

ಪ್ರಧಾನಿಯ ಬಾಯಲ್ಲಿ ಬೇಗ! ಚಿನಕುರುಳಿ ದಾರಕ್ಕೆ ಹಲ್ಲು ಹಾಕಿ ಸರ್ರನೆ ಎಳೆದಳು. ಹೊಲಿದವಳಿಗೆ ಬಿಚ್ಚುವುದೇನು ಮಹಾ? ಚೀಲ ಬಾಯಿಬಿಟ್ಟಿತು. ಟೋಪಿಯ ಸಮೇತ ಪ್ಯಾಕೆಟ್ಟು ಒಳಗೆ ಕೂತಿತು. ಪಕ್ಕದಲ್ಲಿ ಉಳಿದ ಸಂದಿಗೆ ಪ್ರಧಾನಿ ಜೇಬಿನಿಂದ ಬೆಳ್ಳಿ ಪಟ್ಟಿಗಳನ್ನು ತೆಗೆದು ಅಡ್ಡ ಇಟ್ಟ. ಇಬ್ಬರೂ ನಾಲ್ಕು ಕೈಯಿಂದ ಒತ್ತಿ ಹಿಡಿದು ಕೂತರು.

“ಒಂದೇ ಒಂದು ಸಲ ತೆಗೆದು ನೋಡೋಣ್ವಾ?”

“ಬೇಡ. ನಿಧಾನವೇ...”

“ಪ್ರಧಾನ! ಗೊತ್ತು ಕಣೋ!”

ಹದಿನೈದು ನಿಮಿಷ ಮುಗಿಯಿತು. ಮಿಸ್ ಒಂದೊಂದೇ ಪ್ಯಾಕೆಟ್ಟಿಗೆ ಥರ್ಮಾಮೀಟರ್ ಇಳಿಸುತ್ತಾ ಬಂದರು. ಅರವತ್ತೊಂದು. ಐವತ್ತೆಂಟು. ಅರವತ್ತನಾಲ್ಕು. ಕೊನೆಗೆ ಇವರದು.

“ಅರವತ್ತೇಳು! ಎಲ್ಲಕ್ಕಿಂತ ಬಿಸಿ!”

ಚಿನಕುರುಳಿ ಪ್ರಧಾನಿಯ ಎರಡೂ ಕೈ ಹಿಡಿದು ಗಿರಗಿರ ಸುತ್ತಿದಳು. ಟೆಂಟ್! ಟೆಂಟ್! ಆದರೆ ಮಿಸ್ ಚೀಲ, ಪಟ್ಟಿ, ಟೋಪಿ ಎಲ್ಲವನ್ನೂ ಸೇರಿಸಿ ತಾವು ತಂದಿದ್ದ ಪುಟ್ಟ ತಕ್ಕಡಿಗಿಟ್ಟರು.

“ನೂರಾ ಎರಡು ಗ್ರಾಂ,” ಎಂದರು ಮೆಲ್ಲಗೆ. “ಟೋಪೀನೂ ಚೀಲದ ಲೆಕ್ಕಕ್ಕೇ ಬರುತ್ತಲ್ವಾ ಮಕ್ಕಳೇ?”

ಟೆಂಟ್ ಅರವತ್ತನಾಲ್ಕರ ಜೋಡಿಗೆ ಹೋಯಿತು. ಚಿನಕುರುಳಿಗೆ ತುಂಬಾ ಬೇಜಾರಾಯಿತು. ಆದರೆ ಹೊಟ್ಟೆ ಕೇಳಬೇಕಲ್ಲ! ಒಂದು ಚಮಚ ಬಾಯಿಗಿಟ್ಟಳು. ಹಬೆಯಾಡುವ ಅನ್ನ, ಮೆತ್ತಗಾದ ಬಟಾಣಿ. ಆ ಚಳಿಯಲ್ಲಿ ಅಂಥ ರುಚಿ ಅವಳು ಎಂದೂ ಕಂಡಿರಲಿಲ್ಲ. ಪ್ರಧಾನಿ ಬರಿದಲೆಯಲ್ಲಿ ನಡುಗುತ್ತಾ ಉಣ್ಣುತ್ತಿದ್ದ. ಅವಳು ತನ್ನ ಟೋಪಿ ತೆಗೆದು ಅವನ ತಲೆಗೆ ಹಾಕಿದಳು.

“ಮುಂದಿನ ಟರ್ಮಲ್ಲಿ ಇನ್ನೊಂದು ಕ್ಯಾಂಪ್ ಇದೆ,” ಎಂದರು ಮಿಸ್, ಯಾರಿಗೂ ಅಲ್ಲವೆಂಬಂತೆ.

ಮರುದಿನ ಶಾಲೆ ಬಿಟ್ಟದ್ದೇ ತಡ, ಇಬ್ಬರೂ ಅಂಗಡಿಯಲ್ಲಿ ಹಾಜರು. ಮೇಜಿನ ಮೇಲೆ ಹೊಸ ಬೆಳ್ಳಿ ಹಾಳೆ. ಅದರ ಮೇಲೆ ನೀರು ತುಂಬಿದ ಪ್ಯಾಕೆಟ್ಟು.

“ಸರಿ, ಈ ಸಲ ಎಷ್ಟು ಸಡಿಲ ಬಿಡೋಣ?” ಎಂದಳು ಅಮ್ಮ.

ಉತ್ತರ ಚಿನಕುರುಳಿಯ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಎರಡು ಬೆರಳು! ಇಷ್ಟು ಸುಲಭದ ಪ್ರಶ್ನೆ ಬೇರೆ ಇದೆಯೇ?

ಪ್ರಧಾನಿ ಚಾವಣಿ ನೋಡಿದ.

ಚಿನಕುರುಳಿ ತುಟಿ ಕಚ್ಚಿಕೊಂಡಳು. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅವನು ಮೂಗು ಉಜ್ಜಿದ. ಅಯ್ಯಪ್ಪಾ, ಒಂದು ಮೂಗನ್ನು ಎಷ್ಟು ಹೊತ್ತು ಉಜ್ಜುತ್ತಾರೆ! ಆದರೂ ಅವಳು ಬಾಯಿ ತೆರೆಯಲಿಲ್ಲ.

“ಮೂರು,” ಎಂದ ಪ್ರಧಾನಿ. “ಬೆಟ್ಟದ ಮೇಲೆ ಕೈಗವಸು ಹಾಕಿರ್ತೀವಲ್ಲ ಆಂಟಿ. ಆ ಕೈನೂ ಒಳಗೆ ಹೋಗ್ಬೇಕು.”

ಅಮ್ಮನ ಮಿಷಿನ್ ನಿಂತಿತು. ಅವಳು ತನ್ನ ಎರಡು ಬೆರಳುಗಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಮೂರನೆಯದನ್ನೂ ಪಕ್ಕಕ್ಕೆ ಜೋಡಿಸಿದಳು.

“ಮೂರಾದ್ರೆ ತೂಕ ಹೆಚ್ಚಾಗುತ್ತಲ್ಲೋ?”

ಚಿನಕುರುಳಿ ಹಳೆಯ ಚೀಲವನ್ನು ಹತ್ತಿರಕ್ಕೆಳೆದುಕೊಂಡು ಗುಲಾಬಿ ಹೂವನ್ನು ಕಿತ್ತು ಪಕ್ಕಕ್ಕಿಟ್ಟಳು. “ಈ ಸಲ ಇದು ಬೇಡ,” ಎಂದು ಸೀಮೆಸುಣ್ಣವನ್ನು ಪ್ರಧಾನಿಯ ಕಡೆ ತಳ್ಳಿದಳು. “ಗೆರೆ ನೀನೇ ಎಳಿ.”

ಅವನು ಎಳೆಯತೊಡಗಿದ, ನಿಧಾನವಾಗಿ. ಅವಳು ಹಾಳೆಯ ಅಂಚು ಅಲುಗದಂತೆ ಹಿಡಿದುಕೊಂಡು ಕೂತಳು.